ಅದೇ ಎಂಜಿನ್ ಸಾಕು

ಊರಿನ ಕಟ್ಟೆಯ ಮೇಲೆ ಕೂತು ಪುಣೆಯ ಗಾಡಿಗೆ ಎಂಜಿನ್ ಆರಿಸುವವರ ಜೊತೆ ನನ್ನದೊಂದು ಜಗಳವಿದೆ. ಬಾಯಿಮಾತಿನಲ್ಲಿ ಅದು ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2009ರ ಟಾಟಾ 407. ಭೋಸರಿಯ ಎಂಐಡಿಸಿಯಿಂದ ಚಾಕಣದ ಕಾರ್ಖಾನೆಗಳಿಗೆ ವಾರಕ್ಕೆ ಆರು ದಿನ ಬಿಡಿಭಾಗ ಸಾಗಿಸುತ್ತೇನೆ. 2022ರ ಜೂನ್‌ನಲ್ಲಿ ಮೋಶಿಯ ಹತ್ತಿರ ಗಾಡಿ ನಿಂತಿತು. ನಿಂತಿತು ಅನ್ನುವುದು ಮರ್ಯಾದೆಯ ಮಾತು, ನಾನೇ ಕೊಂದೆ. ಆರು ತಿಂಗಳಿಂದ ಬ್ರೀದರಿನಲ್ಲಿ ಹೊಗೆ ಬರುತ್ತಿತ್ತು, ಎರಡು ದಿನಕ್ಕೊಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಅವತ್ತು ಹೋಸ್ ಒಡೆದು ನೀರು ಸೋರಿತು. ಟೆಂಪರೇಚರ್ ಮುಳ್ಳು ಕೆಂಪಿಗೇರಿದ್ದನ್ನು ನೋಡಿಯೂ ಚಾಕಣ ಇನ್ನೇನು ಬಂತು ಅಂತ ಓಡಿಸಿದೆ. ಮೂರನೇ ಸಿಲಿಂಡರಿನ ಪಿಸ್ಟನ್ ಜಾಮ್ ಆಯಿತು.

ರಾತ್ರಿ ಇಂಡಿ ತಾಲ್ಲೂಕಿನ ನಮ್ಮ ಊರಿಗೆ ಫೋನ್ ಮಾಡಿದೆ. ಅಲ್ಲಿಂದ ತಪ್ಪು ಶುರು. ಅಣ್ಣ ಅಂದ, "ಹದಿಮೂರು ವರ್ಷದ ಡಬ್ಬಾಕ್ಕ ಮತ್ತ ರೊಕ್ಕ ಸುರೀತಿಯೇನೋ ತಮ್ಮಾ? ಮಾರಿಬಿಡು. ಲಿಂಬಿ ತೋಟದ ಮ್ಯಾಲೆ ಸಾಲ ತೆಗೆಯೋಣು, ಹೊಸಾದು ತಗೋ." ಸೋದರಮಾವನದು ಇನ್ನೊಂದು ವರಸೆ: ಗುಜರಿಯಲ್ಲಿ ಅಪಘಾತದ ಗಾಡಿಯ ಒಳ್ಳೇ ಎಂಜಿನ್ ಅರ್ಧ ರೇಟಿಗೆ ಸಿಗ್ತದ, ಮುಂಬೈಯ ಕುರ್ಲಾಕ್ಕೆ ಹೋಗು. ಡಿಪ್ಲೊಮಾ ಓದುತ್ತಿದ್ದ ಅಳಿಯನಿಗೆ ಇವೆರಡೂ ಹಳೇ ಮಾತು. ಕಾಮನ್ ರೈಲ್ ಎಂಜಿನ್ ಕೂರಿಸು ಮಾಮಾ, ಪಿಕಪ್ಪೂ ಬರ್ತದ, ಮೈಲೇಜೂ ಬರ್ತದ ಅಂದ.

ಮೂವರೂ ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಊರಲ್ಲಿರುವ ನೀವು ಒಂದು ಮರೆಯುತ್ತೀರಿ. ನಿಮ್ಮ ಟ್ರ್ಯಾಕ್ಟರನ್ನು ಪೊಲೀಸ್ ಹಿಡಿದರೆ ಠಾಣೆಗೆ ಬಂದು "ಇಂವ ನಮ್ಮಾಂವ ಬಿಡ್ರೀ" ಅನ್ನುವವರು ಹತ್ತು ಜನ ಇರುತ್ತಾರೆ. ನನಗೆ ಇಲ್ಲಿ ಹಾಗೆ ಅನ್ನುವುದು ಆರ್‌ಸಿ ಪುಸ್ತಕ ಒಂದೇ. ಅದರಲ್ಲಿ ಚಾಸಿ ನಂಬರಿನ ಜೊತೆ ಎಂಜಿನ್ ನಂಬರೂ ಇದೆ.

ಮಾವನ ಗುಜರಿ ಎಂಜಿನ್ನಿನ ಗತಿ ಏನು ಹಾಗಾದರೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಎಂಜಿನ್ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕು, ಹೊಸ ನಂಬರು ಆರ್‌ಸಿಗೆ ಏರಬೇಕು. ಅದಕ್ಕೆ ಆ ಎಂಜಿನ್ ಯಾವ ಗಾಡಿಯದು, ಯಾರು ಮಾರಿದರು ಅನ್ನುವ ಕಾಗದ ಬೇಕು. ಗುಜರಿಯವ ಕೊಡುವುದು ಒಂದು ಚೀಟಿ. ನಮ್ಮ ಕಡೆಯವನೇ ಒಬ್ಬ ಆ ಚೀಟಿ ನಂಬಿದ. ತಪಾಸಣೆಯಲ್ಲಿ ನಂಬರು ಹೊಂದಲಿಲ್ಲ, ಕೆದಕಿದರೆ ಎಂಜಿನ್ ಕಳುವಿನ ಗಾಡಿಯದು. ಅವನ ಟೆಂಪೊ ಒಂದು ಪೂರ್ತಿ ಮಳೆಗಾಲ ಠಾಣೆಯ ಅಂಗಳದಲ್ಲಿ ನೆನೆಯಿತು. ಗುಜರಿಯಲ್ಲಿ ಎಲ್ಲವೂ ಕಳುವಿನ ಮಾಲು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಹೊರಗಿನಿಂದ ತೊಳೆದು ಬಣ್ಣ ಬಳಿದ ಎಂಜಿನ್ನಿನ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು? ಸತ್ತ ನನ್ನ ಎಂಜಿನ್ನಿನ ರೋಗವಾದರೂ ನನಗೆ ಗೊತ್ತಿತ್ತು.

ಅಳಿಯನ ಕಾಮನ್ ರೈಲ್ ಒಳ್ಳೆಯ ಎಂಜಿನ್ನೇ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಎಂಜಿನ್ ಒಂದೇ ಬರುವುದಿಲ್ಲ ಸ್ವಾಮಿ. ಇಸಿಎಂ, ಸೆನ್ಸರುಗಳು, ಬೇರೆ ವೈರಿಂಗ್, ಬೇರೆ ಪಂಪು, ಬೇರೆ ಫಿಲ್ಟರ್, ಎಲ್ಲವೂ ಹಿಂದೆ ಬರುತ್ತವೆ. ಅದರ ರೈಲಿನಲ್ಲಿ ಸಾವಿರ ಬಾರಿಗೂ ಮೀರಿದ ಒತ್ತಡ. ಡೀಸೆಲಿನಲ್ಲಿ ಕಸ ಬಂದರೆ ಇಂಜೆಕ್ಟರು ಹೋಯಿತು. ದೋಷ ಹುಡುಕಲು ಲ್ಯಾಪ್‌ಟಾಪ್ ಹಿಡಿದವನನ್ನು ಕಾಯಬೇಕು. ನನ್ನದು ಮೆಕ್ಯಾನಿಕಲ್ ಪಂಪಿನ 497. ಹೆಸರಲ್ಲೇ ಎಲ್ಲ ಇದೆ: ನಾಲ್ಕು ಸಿಲಿಂಡರು, 97 ಮಿಲಿಮೀಟರ್ ಬೋರು, 2956 ಸಿಸಿ. ಲೈನಿನಲ್ಲಿ ಗಾಳಿ ಸೇರಿದರೆ ರಾತ್ರಿ ಹನ್ನೊಂದಕ್ಕೆ ರಸ್ತೆ ಬದಿಯಲ್ಲಿ ನಾನೇ ಒಂದು ಪಾನಾ ಹಿಡಿದು ತೆಗೆಯುತ್ತೇನೆ. ಮೈಲೇಜಿನಲ್ಲಿ ಉಳಿಸಿದ್ದನ್ನು ಒಂದು ದಿನ ನಿಂತ ಗಾಡಿ ತಿಂದುಹಾಕುತ್ತದೆ. ಚಾಕಣದ ಕಾರ್ಖಾನೆಗೆ ನಾನು ಬರಲಿಲ್ಲ ಅಂದರೆ ಗೇಟಿನಲ್ಲಿ ಇನ್ನೊಬ್ಬನ ಟೆಂಪೊ ತಯಾರಿರುತ್ತದೆ. ಮರುದಿನದಿಂದ ಕೆಲಸ ಅವನದೇ.

ಅಣ್ಣನ ಮಾತಿಗೆ ಉತ್ತರ ಕೊಡುವುದು ಕಷ್ಟ, ಯಾಕಂದರೆ ಅವನು ತೋಟವನ್ನೇ ಮುಂದಿಟ್ಟ. ಅವ್ವ ಕೊಡದಿಂದ ನೀರು ಹೊತ್ತು ಬದುಕಿಸಿದ ಲಿಂಬಿ ಗಿಡಗಳು ಅವು. ಹೊಸ ಗಾಡಿಯ ಕಂತು ಗಾಡಿ ಓಡಲಿ ಬಿಡಲಿ ತಿಂಗಳ ತಾರೀಖಿಗೆ ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ಕಂತು ಮುಂದೂಡಿದರು, ಬಡ್ಡಿ ನಿಲ್ಲಿಸಲಿಲ್ಲ. ಆಮೇಲೆ ನಮ್ಮ ಗಲ್ಲಿಯಿಂದಲೇ ಎರಡು ಗಾಡಿ ಫೈನಾನ್ಸಿನವರು ಎಳೆದುಕೊಂಡು ಹೋದದ್ದನ್ನು ನೋಡಿದವನು ನಾನು. ಪುಣೆಯಲ್ಲಿ ಕೆಲಸ ತಪ್ಪಿದರೆ ವಾಪಸು ಬರಲು ಒಂದು ತೋಟವಿದೆ ಅನ್ನುವ ಧೈರ್ಯದಿಂದಲೇ ನಾನು ಇಲ್ಲಿ ಸ್ಟೇರಿಂಗ್ ಹಿಡಿದಿರುವುದು. ಅದನ್ನೇ ಅಡವಿಟ್ಟು ಬೋನೆಟ್ಟಿನ ಹೊಳಪು ಕೊಳ್ಳಲೇ? ನಿಜ ಹೇಳಿ, ಅಣ್ಣನಿಗೆ ಬೇಕಿದ್ದದ್ದು ನನ್ನ ಅನುಕೂಲವೋ, ಜಾತ್ರೆಗೆ ತಮ್ಮ ಹೊಸ ಗಾಡಿ ತಂದ ಅನ್ನಿಸಿಕೊಳ್ಳುವುದೋ? ಇದನ್ನು ಅವನ ಮುಖದ ಮೇಲೂ ಕೇಳಿದ್ದೇನೆ. ಎರಡು ತಿಂಗಳು ಮಾತು ಬಿಟ್ಟಿದ್ದ.

ಭೋಸರಿಯ ಮಿಸ್ತ್ರಿ ಅಕ್ಕಲಕೋಟೆ ಕಡೆಯವನು. ಓದಿದ್ದು ಮರಾಠಿ, ಮನೆಯಲ್ಲಿ ಕನ್ನಡ, ಬೈಗುಳ ಎರಡರಲ್ಲೂ. ಬಿಚ್ಚಿ ನೋಡಿ ಅವನು ಅಂದದ್ದು ಇಷ್ಟೇ: "ಬ್ಲಾಕ್ ಸೀಳಿಲ್ಲರೀ." ಆ ಒಂದು ಮಾತಿಗೆ ನನ್ನ ಜೀವ ಬಂತು. ಎಂಜಿನ್ ನಂಬರು ಇರುವುದು ಬ್ಲಾಕಿನ ಮೇಲೆ. ಬ್ಲಾಕ್ ಉಳಿದರೆ ನಂಬರು ಉಳಿಯಿತು, ಆರ್‌ಟಿಒ ಮೆಟ್ಟಿಲು ತಪ್ಪಿತು. ಹೊಸ ಸ್ಲೀವು, ಪಿಸ್ಟನ್, ರಿಂಗು ಹಾಕಿಸಿದೆವು. ಕ್ರ್ಯಾಂಕನ್ನು 0.25 ಮಿ.ಮೀ. ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಕೂರಿಸಿದೆವು. ಹೆಡ್ಡನ್ನು ಪ್ರೆಶರ್ ಟೆಸ್ಟಿಗೆ ಕೊಟ್ಟೆವು. ಆಯಿಲ್ ಪಂಪು ಹಳೆಯದೇ ಇರಲಿ ಅಂದೆ, ಮಿಸ್ತ್ರಿ ಬೈದು ಹೊಸದು ತರಿಸಿದ. ಎಪ್ಪತ್ತು ಸಾವಿರ ಚಿಲ್ಲರೆ ಆಯಿತು. ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಬಾಡಿಗೆ ಟೆಂಪೊದಲ್ಲಿ ನಷ್ಟಕ್ಕೆ ಮಾಲು ಸಾಗಿಸಿ ಕೆಲಸ ಉಳಿಸಿಕೊಂಡೆ. ಬ್ಲಾಕ್ ಸೀಳಿದ್ದರೆ ಕಂಪನಿಯೇ ರೀಕಂಡೀಷನ್ ಮಾಡಿ ಹಳೆಯದರ ಬದಲಿಗೆ ಕೊಡುವ ಎಂಜಿನ್ ತರುತ್ತಿದ್ದೆ. ಟಾಟಾದವರು ಅದನ್ನು ಪ್ರೋಲೈಫ್ ಅನ್ನುತ್ತಾರೆ. ದುಡ್ಡು ಹೆಚ್ಚು, ಆದರೆ ಬಿಲ್ ಇರುತ್ತದೆ, ಮಾದರಿಯೂ ಅದೇ.

ನನ್ನ ವಾದಕ್ಕೆ ಒಂದು ದೊಡ್ಡ ತೂತಿದೆ, ಅಳಿಯ ಹೇಳುವ ಮೊದಲು ನಾನೇ ಹೇಳುತ್ತೇನೆ. ಸರ್ಕಾರ ಎಣಿಸುವುದು ಗಾಡಿಯ ವಯಸ್ಸನ್ನು, ಎಂಜಿನ್ನಿನದಲ್ಲ. ದೆಹಲಿಯಲ್ಲಿದ್ದಿದ್ದರೆ ನನ್ನ ಎಪ್ಪತ್ತು ಸಾವಿರ ಮಣ್ಣುಪಾಲಾಗುತ್ತಿತ್ತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೊಗೆ ಕುಡಿಯುವ ಮಕ್ಕಳ ಪರವಾಗಿ ಅದು ಸರಿಯೇ, ನನ್ನ ಮಗಳಿಗೂ ದಮ್ಮಿದೆ. ನನ್ನ ಗಾಡಿಯೂ ಎಂಟು ವರ್ಷ ದಾಟಿದ್ದರಿಂದ ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ನಿಲ್ಲುತ್ತದೆ. ನಪಾಸಾದ ದಿನ ಸ್ಕ್ರ್ಯಾಪಿಗೆ ಕೊಡುತ್ತೇನೆ, ಹಟ ಹಿಡಿಯುವುದಿಲ್ಲ. ಆದರೆ ಆ ದಿನವನ್ನು ಊರಿನ ಕಟ್ಟೆ ನಿರ್ಧರಿಸಬೇಕಾಗಿಲ್ಲ.

ಹೋದ ಸಲ ಊರಿಗೆ ಈ ಗಾಡಿಯಲ್ಲೇ ಹೋಗಿದ್ದೆ. ಅಣ್ಣ ಬೋನೆಟ್ ಎತ್ತಿಸಿ, ಸ್ಟಾರ್ಟ್ ಮಾಡಿಸಿ, ಬ್ರೀದರಿನ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದ. ಏನೂ ಅನ್ನಲಿಲ್ಲ. ಪುಣೆ ಮಾರ್ಕೆಟ್ ಯಾರ್ಡಿಗೆ ಅಂತ ಹದಿನಾಲ್ಕು ಚೀಲ ಲಿಂಬಿ ತುಂಬಿದ, ಬಾಡಿಗೆ ಎಷ್ಟು ಅಂತ ಮಾತ್ರ ಕೇಳಲಿಲ್ಲ.