ನಿತ್ಯ ನರಕ ಪರರ ಸೊತ್ತಲ್ಲ

ಕಳೆದ ಸಂಚಿಕೆಯ ಲೇಖನದ ವಾದ ಎರಡು: ಕೊನೆಯಿಲ್ಲದ ನರಕವನ್ನು ಕ್ರೈಸ್ತರೆಲ್ಲ ನಂಬುತ್ತಾರೆ; ನಮ್ಮ ನೆಲದಲ್ಲಿ ಅಂಥ ವಿಚಾರವೇ ಇಲ್ಲ. ಎರಡೂ ತಪ್ಪು.

ನರಕಕ್ಕೆ ಕೊನೆಯಿಲ್ಲವೆಂದು ಸಂತ ಅಗಸ್ಟೀನ್ ವಾದಿಸಿದ್ದು, ಕ್ಯಾಥೊಲಿಕ್ ಸಭೆ ಇಂದಿಗೂ ಹಾಗೆ ಬೋಧಿಸುವುದು ನಿಜ. ಆದರೆ 4ನೇ ಶತಮಾನದ ನಿಸ್ಸಾದ ಗ್ರೆಗರಿ ನರಕದ ಬೆಂಕಿ ಇರುವುದು ಶುದ್ಧಿಗಾಗಿ ಎಂದರು, ಕೊನೆಗೆ ಎಲ್ಲರೂ ದೇವರನ್ನು ಸೇರುತ್ತಾರೆಂದು ಆಶಿಸಿದರು. ಅವರನ್ನೂ ಸಭೆ ಸಂತರೆಂದೇ ಗೌರವಿಸುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟರ ಪ್ರಕಾರ ದುಷ್ಟರು ಸದಾ ನರಳುವುದಿಲ್ಲ, ನಾಶವಾಗುತ್ತಾರೆ. ಆಂಗ್ಲಿಕನ್ ಪಾದ್ರಿ ಜಾನ್ ಸ್ಟಾಟ್ 1988ರಲ್ಲಿ ಇದೇ ಕಡೆಗೆ ಒಲವು ತೋರಿದರು.

ಇನ್ನು ನಮ್ಮ ನೆಲ. ಬೆಂಗಳೂರಿನ ಬಸವನಗುಡಿಯ ಉತ್ತರಾದಿ ಮಠವಾಗಲಿ, ಕತ್ರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠವಾಗಲಿ ಎತ್ತಿಹಿಡಿಯುವ, ಮಧ್ವಾಚಾರ್ಯರ ದ್ವೈತ ಸಿದ್ಧಾಂತದಲ್ಲಿ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಕೊನೆಯವರಿಗೆ ಅಂಧಂತಮಸ್ಸೆಂಬ ಕಗ್ಗತ್ತಲ ನರಕ, ಅಲ್ಲಿಂದ ಬಿಡುಗಡೆಯಿಲ್ಲ. ಇದು ಕ್ರೈಸ್ತರ ಪ್ರಭಾವವೆಂಬ ಪಾಶ್ಚಾತ್ಯ ವಿದ್ವಾಂಸ ಗ್ರಿಯರ್ಸನ್ ಮುಂತಾದವರ ಊಹೆಯನ್ನು ಮಾಧ್ವ ವಿದ್ವಾಂಸ ಬಿ.ಎನ್.ಕೆ. ಶರ್ಮ ಬಲವಾಗಿ ಅಲ್ಲಗಳೆದಿದ್ದಾರೆ. ಎರಡರ ಬುಡವೂ ಬೇರೆ: ಅಗಸ್ಟೀನರಿಗೆ ಅದು ಪಾಪಕ್ಕೆ ದೇವರು ಕೊಡುವ ದಂಡನೆ, ಮಧ್ವರಿಗೆ ಜೀವದ ಅನಾದಿ ಸ್ವಭಾವ ತಲುಪುವ ನೆಲೆ.

ನಿತ್ಯ ನರಕವನ್ನು ನಾನು ಒಪ್ಪುವುದಿಲ್ಲ. ಮಿತಿಯಿರುವ ತಪ್ಪಿಗೆ ಮಿತಿಯಿಲ್ಲದ ಯಾತನೆ ನ್ಯಾಯವಲ್ಲ. ಆದರೆ ಆ ಪ್ರಶ್ನೆಯನ್ನು ಚರ್ಚಿನ ಮುಂದೆ ಇಡುವವರು ಮಠದ ಮುಂದೆಯೂ ಇಡಬೇಕು. ಒಬ್ಬರನ್ನು ಮಾತ್ರ ಕಟಕಟೆಗೆ ಎಳೆಯುವುದು ವಿಮರ್ಶೆಯಲ್ಲ, ಪಕ್ಷಪಾತ.