ಅರ್ಧ ತೆರೆದ ಬಾಗಿಲು

ಫ್ರಾನ್ಸಿಸ್ ಜೆಫ್ರಿಯನ್ನು ಕುರಿತು ಓದಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ: ಅರ್ಧ ಸುಧಾರಣೆಯನ್ನು ಮೆಚ್ಚಬೇಕೆ, ಹಳಿಯಬೇಕೆ?

1773ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಈತನು ವಕೀಲನಾದನು. ಆಳುವವರ ಪಕ್ಷ ಸೇರದ ಕಾರಣ ಮೊದಮೊದಲು ಕಕ್ಷಿದಾರರೇ ವಿರಳ. ಆದರೂ ಪಕ್ಷ ಬಿಡಲಿಲ್ಲ. 1802ರಲ್ಲಿ ಗೆಳೆಯರೊಡನೆ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯನ್ನು ಹುಟ್ಟುಹಾಕಿ, 1829ರವರೆಗೂ ಅದರ ಸಂಪಾದಕನಾಗಿದ್ದನು. 1830ರಲ್ಲಿ ಲಾರ್ಡ್ ಅಡ್ವೊಕೇಟ್ ಪದವಿಗೇರಿ, 1832ರ ಸ್ಕಾಟ್ಲೆಂಡ್ ಸುಧಾರಣಾ ಶಾಸನವನ್ನು ಪಾರ್ಲಿಮೆಂಟಿನಲ್ಲಿ ಮುನ್ನಡೆಸಿದನು. 1834ರಲ್ಲಿ ನ್ಯಾಯಾಧೀಶನಾದನು.

ಆ ಶಾಸನಕ್ಕೆ ಮೊದಲು ಎಡಿನ್‌ಬರೋದ ಪ್ರತಿನಿಧಿಯನ್ನು ಆರಿಸುತ್ತಿದ್ದವರು ನಗರಸಭೆಯ 33 ಮಂದಿ ಮಾತ್ರ! ಸ್ಕಾಟ್ಲೆಂಡಿನ ಮತದಾರರ ಸಂಖ್ಯೆ ಸುಮಾರು 4,500ರಿಂದ 65,000ಕ್ಕೆ ಏರಿತು. ಆದರೆ ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡು ಬೆಲೆಯ ಮನೆಯಲ್ಲಿರುವ ಗಂಡಸಿಗಷ್ಟೇ ಮತ. ಕೂಲಿಯವರೂ ಹೆಂಗಸರೂ ಹೊರಗುಳಿದರು. ಕೂಲಿ ಮಾಡಿ ನನ್ನನ್ನು ಓದಿಸಿದ ತಂದೆತಾಯಿ ಅಲ್ಲಿದ್ದಿದ್ದರೆ ಅವರಿಗೂ ಅದೇ ಗತಿ.

ಆದರೂ ಜೆಫ್ರಿಗೆ ಕೀರ್ತಿ ಸಲ್ಲಲೇಬೇಕು. ಆ 33 ಮಂದಿಯ ಬೀಗ ಒಡೆಯದೆ ಮುಂದಿನ ಬಾಗಿಲು ತೆರೆಯುವಂತಿರಲಿಲ್ಲ. ತಪ್ಪಾಗುವುದು, ಒಳಗೆ ಬಂದವರು ಬಾಗಿಲು ಇಷ್ಟೇ ಸಾಕೆಂದಾಗ. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ದಾಟಿದ ಮೊದಲಿಗನು ನಾನು. ನನ್ನ ತಂಗಿ ಇನ್ನೂ ಹೊರಗಿದ್ದಾಳೆ. ಮಿತ್ರರೆ, ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.