ಪರದೇಶ ವಾಸಕ್ಕೆ ಮುನ್ನ ಕೈಪಿಡಿಯ ಓದು

ಭಾರತ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ನಡುವಣ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು 2022ರ ಮೇ 1ರಿಂದ ಜಾರಿಗೆ ಬಂದಿದ್ದು, ಸುಂಕದ ರಿಯಾಯಿತಿಯಿಂದಾಗಿ ರಾಜ್ಯದ ಸಣ್ಣ ಉದ್ದಿಮೆದಾರರಿಗೂ ಆ ಮಾರುಕಟ್ಟೆ ಹತ್ತಿರವಾಗಿದೆ. ದುಬೈಯಲ್ಲೋ ಶಾರ್ಜಾದಲ್ಲೋ ಒಂದು ಪುಟ್ಟ ಕಚೇರಿ ತೆರೆದು, ಅದನ್ನು ನೋಡಿಕೊಳ್ಳಲು ಮನೆಯ ಕಿರಿಯರೊಬ್ಬರನ್ನು ಅಥವಾ ನಂಬಿಕೆಯ ನೌಕರನನ್ನು ಎರಡು ಮೂರು ವರ್ಷಗಳ ಮಟ್ಟಿಗೆ ಕಳುಹಿಸುವ ಆಲೋಚನೆ ಸಹಜವಾದುದೇ. ಆದರೆ ಒಂದು ಯಂತ್ರದ ಖರೀದಿಗೆ ಹತ್ತು ಕಡೆಯಿಂದ ದರಪಟ್ಟಿ ತರಿಸುವ ಉದ್ದಿಮೆದಾರನು, ಮನುಷ್ಯನನ್ನು ಕಳುಹಿಸುವಾಗ ಮಾತ್ರ ವೀಸಾ ಮತ್ತು ಟಿಕೆಟ್ ಕೈಸೇರಿದರೆ ಸಾಕೆಂದು ಭಾವಿಸುವುದು ವಿಷಾದದ ಸಂಗತಿ.

ಪರದೇಶದಲ್ಲಿ ನೆಲೆಸಲು ಹೊರಟವರಿಗೆಂದೇ ಬರೆದ ಕೈಪಿಡಿಗಳಿವೆ. ‘ದುಬೈ ಎಕ್ಸ್‌ಪ್ಲೋರರ್’, ‘ಕಲ್ಚರ್ ಶಾಕ್’ ಮಾಲೆಯಂತಹ ಪುಸ್ತಕಗಳು ಪ್ರವಾಸಿಗನಿಗಿಂತ ನಿವಾಸಿಯನ್ನು ಉದ್ದೇಶಿಸಿದವು. ಇವುಗಳ ಅಗತ್ಯವೇನು, ಅಲ್ಲಿ ನಮ್ಮವರೇ ಇದ್ದಾರಲ್ಲ ಎಂಬ ಮಾತು ಕರಾವಳಿಯ ವ್ಯಾಪಾರಸ್ಥರಲ್ಲಿ ಕೇಳಿಬರುವುದುಂಟು. ಬಂಧುಗಳ ನೆರವು ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಇಪ್ಪತ್ತು ವರ್ಷ ಅಲ್ಲಿಯೇ ಬಾಳಿದವರಿಗೆ, ಹೊಸಬನಿಗೆ ಏನು ತಿಳಿದಿರುವುದಿಲ್ಲ ಎಂಬುದೇ ಮರೆತುಹೋಗಿರುತ್ತದೆ. ಕೇಳಿದ್ದಕ್ಕೆ ಅವರು ಉತ್ತರ ಹೇಳಬಲ್ಲರು. ಏನನ್ನು ಕೇಳಬೇಕೆಂಬುದನ್ನು ಕೈಪಿಡಿ ಹೇಳಿಕೊಡುತ್ತದೆ.

ಇಂತಹ ಪುಸ್ತಕದಲ್ಲಿ ಅತ್ಯಂತ ಬೆಲೆಯುಳ್ಳದ್ದು ಮನೆ ಬಿಡುವ ಮುನ್ನ ಮಾಡಬೇಕಾದ ಕೆಲಸಗಳನ್ನು ತಿಳಿಸುವ ಅಧ್ಯಾಯ. ಒಂದು ಉದಾಹರಣೆ ಸಾಕು. ಕನ್ನಡಿಗರ ಮನೆಗಳಲ್ಲಿ ಹಬ್ಬದ ಪಾಯಸಕ್ಕೆ ಬಳಸುವ ಗಸಗಸೆಯು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ ವಸ್ತು. ಮಗನ ಪೆಟ್ಟಿಗೆಯಲ್ಲಿ ತಾಯಿ ಅಕ್ಕರೆಯಿಂದ ಇಟ್ಟ ಪೊಟ್ಟಣವೊಂದು ಅವನನ್ನು ವಿಮಾನ ನಿಲ್ದಾಣದಿಂದ ನೇರವಾಗಿ ಠಾಣೆಗೆ ಒಯ್ಯಬಹುದು. ಕೊಡೀನ್, ಟ್ರಮಡಾಲ್ ಇರುವ ಔಷಧಗಳನ್ನು ಒಯ್ಯಲು ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು. ಪದವಿ ಹಾಗೂ ವಿವಾಹ ಪ್ರಮಾಣಪತ್ರಗಳು ಭಾರತದ ವಿದೇಶಾಂಗ ಸಚಿವಾಲಯ ಮತ್ತು ಎಮಿರೇಟ್ಸ್ ರಾಯಭಾರ ಕಚೇರಿಗಳ ದೃಢೀಕರಣವನ್ನು ಪಡೆಯಬೇಕು. ಇವನ್ನು ಇಲ್ಲಿಯೇ ಮುಗಿಸದೆ ಹೋದವನು ಅಲ್ಲಿ ವಾರಗಟ್ಟಲೆ ಕೈಕಟ್ಟಿ ಕೂರಬೇಕಾದೀತು.

ಎರಡನೆಯದು ಹಣದ ವಿಚಾರ. ದುಬೈಯಲ್ಲಿ ಮನೆಯ ವಾರ್ಷಿಕ ಬಾಡಿಗೆಯನ್ನು ಮುಂದಿನ ದಿನಾಂಕ ನಮೂದಿಸಿದ ಕೆಲವೇ ಚೆಕ್ಕುಗಳ ಮೂಲಕ ನೀಡುವ ವಾಡಿಕೆಯಿದೆ. ಬಾಡಿಗೆ ಕರಾರನ್ನು ‘ಎಜಾರಿ’ ವ್ಯವಸ್ಥೆಯಲ್ಲಿ ನೋಂದಾಯಿಸಬೇಕಾಗಿದ್ದು, ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೂ ಕುಟುಂಬದ ವೀಸಾಕ್ಕೂ ಅದೇ ಆಧಾರ. ತಿಂಗಳ ಸಂಬಳವನ್ನಷ್ಟೇ ಲೆಕ್ಕ ಹಾಕಿ ನೌಕರನನ್ನು ಕಳುಹಿಸಿದ ಸಂಸ್ಥೆಯು, ಮೊದಲ ತಿಂಗಳಲ್ಲಿಯೇ ದುಡಿಮೆಯ ಬಂಡವಾಳಕ್ಕೆ ಕೈಹಾಕಬೇಕಾಗುತ್ತದೆ.

ಆದರೆ ಕೈಪಿಡಿಯ ಪ್ರತಿಯೊಂದು ಮಾತನ್ನೂ ಕಣ್ಣುಮುಚ್ಚಿ ನಂಬುವುದೂ ಅಪಾಯಕರ. 2015ರಲ್ಲಿ ಮುದ್ರಣಗೊಂಡ ಪುಸ್ತಕವು ವಾರದ ರಜೆ ಶುಕ್ರವಾರ ಮತ್ತು ಶನಿವಾರ ಎಂದೂ, ಮುಕ್ತ ವಲಯದ ಹೊರಗೆ ಕಂಪನಿ ಸ್ಥಾಪಿಸಲು ಶೇ. 51ರ ಸ್ಥಳೀಯ ಪಾಲುದಾರ ಬೇಕೆಂದೂ, ಸಾಮಾನ್ಯ ಉದ್ದಿಮೆಯ ಲಾಭಕ್ಕೆ ತೆರಿಗೆಯಿಲ್ಲವೆಂದೂ ಹೇಳುವುದು ಸಹಜ. ಅಂದಿಗೆ ಮೂರೂ ಸರಿ, ಇಂದಿಗೆ ಮೂರೂ ತಪ್ಪು. 2021ರ ಜೂನ್‌ನಿಂದ ಬಹುತೇಕ ವ್ಯವಹಾರಗಳಲ್ಲಿ ವಿದೇಶಿಯರಿಗೆ ಪೂರ್ಣ ಒಡೆತನಕ್ಕೆ ಅವಕಾಶ ದೊರೆತಿದೆ. 2022ರ ಜನವರಿಯಿಂದ ಸರ್ಕಾರಿ ಕಚೇರಿಗಳ ವಾರಾಂತ್ಯವು ಶನಿವಾರ, ಭಾನುವಾರಗಳಿಗೆ ಬದಲಾಗಿ ಶುಕ್ರವಾರ ಅರ್ಧ ದಿನದ ಕೆಲಸವಾಗಿದೆ. ಶಾರ್ಜಾದಲ್ಲಿ ಶುಕ್ರವಾರವೂ ರಜೆ. 2018ರಲ್ಲಿ ಶೇ. 5ರ ಮೌಲ್ಯವರ್ಧಿತ ತೆರಿಗೆ ಬಂದಿತು. 2023ರ ಜೂನ್ 1ರಿಂದೀಚೆಗೆ ಆರಂಭವಾದ ಲೆಕ್ಕ ವರ್ಷಗಳಲ್ಲಿ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ. 9ರ ಕಂಪನಿ ತೆರಿಗೆಯಿದೆ. ಹಣವಿಲ್ಲದೆ ಹಿಂತಿರುಗಿದ ಚೆಕ್ಕಿನ ಕಾನೂನೂ 2022ರಲ್ಲಿ ಸಡಿಲಗೊಂಡು, ವಂಚನೆಯ ಉದ್ದೇಶವಿಲ್ಲದಿದ್ದರೆ ಅದು ಬಹುಮಟ್ಟಿಗೆ ವಸೂಲಿಯ ವಿಷಯವಾಗಿದೆ.

ಹಾಗಾದರೆ ಪುಸ್ತಕ ನಿರುಪಯೋಗಿಯೇ? ಖಂಡಿತ ಅಲ್ಲ. ಪುಸ್ತಕದ ಮೇಲೆ ಮುದ್ರಣದ ವರ್ಷವಿರುತ್ತದೆ. ಪರಿಚಿತರ ಸಲಹೆಯ ಮೇಲೆ ಅದು ಇರುವುದಿಲ್ಲ. ರಂಜಾನ್ ಮಾಸದ ನಡವಳಿಕೆ, ಅತಿಥಿ ಸತ್ಕಾರದ ರೀತಿ, ವ್ಯವಹಾರದ ಮಾತಿಗೆ ಮುನ್ನ ಕುಶಲ ವಿಚಾರಿಸುವ ಕ್ರಮ ಮೊದಲಾದವು ಬೇಗ ಹಳತಾಗುವುದಿಲ್ಲ. ಇವುಗಳಿಗೆ ಕೈಪಿಡಿಯನ್ನು ನೆಚ್ಚಬಹುದು. ತೆರಿಗೆ, ವೀಸಾ, ಪರವಾನಗಿ, ಚೆಕ್ಕುಗಳ ವಿಷಯದಲ್ಲಿ ಮಾತ್ರ ಕೈಪಿಡಿಯಿಂದ ಪ್ರಶ್ನೆಯನ್ನು ಪಡೆದು, ಉತ್ತರವನ್ನು ಸರ್ಕಾರಿ ಪ್ರಕಟಣೆಯಿಂದ ಹಾಗೂ ಅಲ್ಲಿನ ಲೆಕ್ಕಪರಿಶೋಧಕರಿಂದ ಪಡೆಯುವುದು ಕ್ಷೇಮ.

ಈ ದಿಸೆಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳ ಹೊಣೆಯೂ ಇದೆ. ಹೊಸ ಆವೃತ್ತಿಯ ಕೈಪಿಡಿಗಳನ್ನು ಗ್ರಂಥಾಲಯದಲ್ಲಿಟ್ಟು, ವಿದೇಶದಿಂದ ಮರಳಿದ ಸದಸ್ಯರಿಂದ ಬದಲಾದ ಅಂಶಗಳನ್ನು ಅಂಚಿನಲ್ಲಿ ದಿನಾಂಕ ಸಹಿತ ಬರೆಸಿದರೆ, ಮುಂದೆ ಹೋಗುವವರಿಗೆ ಅದಕ್ಕಿಂತ ಮಿಗಿಲಾದ ಮಾರ್ಗದರ್ಶಿ ಬೇರಿಲ್ಲ. ಸರಕಿನ ಪೆಟ್ಟಿಗೆಗೆ ವಿಮೆ ಮಾಡಿಸಲು ಎಂದೂ ಮರೆಯದ ವ್ಯಾಪಾರಸ್ಥರು, ಸರಕಿನ ಹಿಂದೆ ಹೋಗುವ ಮನುಷ್ಯನಿಗೂ ಒಂದು ವಾರದ ಓದಿನ ರಕ್ಷಣೆಯನ್ನು ಒದಗಿಸುವುದು ಒಳಿತು.